ಗುಳಿಗೆ ಬಿಟ್ಟ ಹನ್ನೊಂದು ದಿನ

ಮಾಸೂರಿನ ಶಾರವ್ವನಿಗೆ ಆ ಮಳೆಗಾಲದಲ್ಲಿ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ರೊಟ್ಟಿ ಬಡಿಯಲು ಕುಳಿತರೆ ಎರಡು ರೊಟ್ಟಿಗೇ ಎದ್ದುಬಿಡುತ್ತಿದ್ದಳು. ಅಂಗಳಕ್ಕೆ ಹೋಗುವಳು, ಯಾಕೆ ಬಂದೆ ಎಂಬುದು ಮರೆತು ಮತ್ತೆ ಒಳಗೆ ಬರುವಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿರುತ್ತಿತ್ತು. ಮಳೆಗಾಳಿಗೆ ಮನೆಯವರೆಲ್ಲ ಮೈತುಂಬ ಹೊದ್ದುಕೊಂಡರೆ ಇವಳೊಬ್ಬಳು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಮದಗದ ಕೆರೆಯ ನೀರು ಬಿಟ್ಟಿದ್ದರು. ಊರಿನಲ್ಲಿ ಭತ್ತದ ನಾಟಿ ಜೋರಾಗಿತ್ತು. ನಾಟಿ ಹಚ್ಚುವುದರಲ್ಲಿ ಶಾರವ್ವನ ಕೈ ಹೆಸರಾದದ್ದು. ಹಗ್ಗ ಹಿಡಿಯದೆಯೇ ನೇರ ಸಾಲು ಹಚ್ಚುವವಳು ಅವಳು. ಆದರೆ ಒಂದು ದಿನ ಗದ್ದೆಯಲ್ಲಿ ಅವಳ ಬೆರಳಿನಿಂದ ಸಸಿ ಜಾರಿ ಜಾರಿ ಬೀಳುತ್ತಿತ್ತು.

"ಶಾರವ್ವ, ನಿನ್ನ ಸಾಲು ಯಾಕಡೆ ಹೊಂಟೈತಿ ನೋಡು," ಎಂದಳು ಪಕ್ಕದಲ್ಲಿದ್ದ ಹೆಣ್ಣುಮಗಳು. "ಎಷ್ಟ ಸೊರಗೀಯಲ್ಲ. ಮುಖದಾಗ ಬರೇ ಕಣ್ಣ ಕಾಣ್ತಾವ. ನಿನ್ನ ಗಂಡ ಉಡಚಪ್ಪ ಉಣ್ಣಾಕ ಹಾಕೂದಿಲ್ಲೇನು?"

"ಉಣ್ಣೂದಕ್ಕೇನೂ ಕಡಿಮಿ ಇಲ್ಲವಾ. ಮೊದಲಿಗಿಂತ ಎರಡ ರೊಟ್ಟಿ ಹೆಚ್ಚ ತಿಂತೇನಿ," ಎಂದಳು ಶಾರವ್ವ.

ಅದು ನಿಜವೇ ಆಗಿತ್ತು. ತಿಂದಷ್ಟೂ ಹಸಿವು, ತಿಂದಷ್ಟೂ ಸೊರಗುವುದು. ಗದ್ದೆಯ ಹೆಂಗಸರು ನಕ್ಕು ಕೆಲಸಕ್ಕೆ ಬಾಗಿದರು. ಆದರೆ 'ಸೊರಗೀಯಲ್ಲ' ಎಂಬ ಮಾತು ಶಾರವ್ವನ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಎದೆ ಮೊದಲೇ ಡವಡವ ಬಡಿಯುತ್ತಿತ್ತು. ಅವಳು ಬದುವಿನ ಮೇಲೆ ಹೋಗಿ ಕೂತಳು. ಕೂತವಳು ಮರುಗಳಿಗೆಗೇ ಎದ್ದಳು. ಮನೆಯ ದಾರಿ ಹಿಡಿದಳು.

ಸೊರಗುವುದೆಂದರೆ ಏನು ಎಂದು ಶಾರವ್ವ ಕಣ್ಣಾರೆ ಕಂಡಿದ್ದಳು. ಎರಡು ವರ್ಷದ ಹಿಂದೆ ಗಂಡ ಉಡಚಪ್ಪ ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದ. ಕ್ಷಯ ಎಂದರು. ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿಯೂ ಇತ್ತು. ಅವಳಿಗೂ ಪರೀಕ್ಷೆಯಾಯಿತು, ಅವಳಿಗೂ ಇತ್ತು. ಮಗಳು ನೀಲಾಂಬಿಕಾಗೆ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರದ ಗುಳಿಗೆ ಶುರು ಮಾಡಿದರು. ದಿನಕ್ಕೊಂದು, ಬೆಳಗಿನ ರೊಟ್ಟಿ ತಿಂದ ಮೇಲೆ. ಜೊತೆಗೆ ತೆಗೆದುಕೊಂಡ ಕ್ಷಯದ ಔಷಧದಿಂದ ಆರು ತಿಂಗಳಲ್ಲಿ ಉಡಚಪ್ಪನ ಕ್ಷಯ ವಾಸಿಯಾಯಿತು, ಅವನು ಮತ್ತೆ ಗದ್ದೆ ಉಳುವ ಪವರ್ ಟಿಲ್ಲರ್ ಹಿಡಿದ. ಮೈ ತುಂಬಿಕೊಂಡ ಶಾರವ್ವ ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಂಡಿದ್ದಳು. ಊರಿಗೆ ಏನೂ ಗೊತ್ತಾಗಿರಲಿಲ್ಲ.

ಈಗ ಅದೇ ರವಿಕೆ ಹೆಗಲಿನಿಂದ ಜಾರುತ್ತಿತ್ತು. ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದಿದ್ದಳು. ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಸಣ್ಣ ಮಾತಿಗೆ ಸಿಟ್ಟು ಉಕ್ಕುತ್ತಿತ್ತು. ಒಂದು ದಿನ ಮಗಳು ಸಾರಿಗೆ ಉಪ್ಪು ಹಾಕುವುದು ಮರೆತಳೆಂದು ಶಾರವ್ವ ಊಟದ ಗಂಗಾಳವನ್ನೇ ಎಸೆದಿದ್ದಳು.

ಸಂತೆಯಲ್ಲಿ ಬೇರು ನಾರು ಮಾರುವವನೊಬ್ಬನ ಮುಂದೆ, ಯಾವ ರೋಗವೆಂದು ಹೇಳದೆ, ಮೈ ಉರಿಯುತ್ತದೆ ಎಂದಷ್ಟೇ ಹೇಳಿದಳು. "ಇಂಗ್ಲಿಷ್ ಗುಳಿಗಿ ತಗೊಳ್ಳಾಕತ್ತೀಯೇನ ತಂಗಿ? ಅದ ಉಷ್ಣ ಮಾಡೈತಿ. ಬಿಟ್ಟ ನೋಡು," ಎಂದ ಅವನು. ಶಾರವ್ವನಿಗೆ ಅಷ್ಟೇ ಬೇಕಾಗಿತ್ತು. ಅವಳ ತಲೆಯಲ್ಲಿ ಲೆಕ್ಕ ಕೂಡಿಬಂತು. ಒಂದೋ ಗುಳಿಗೆಯೇ ಮೈ ಸುಡುತ್ತಿದೆ, ಇಲ್ಲವೇ ಗುಳಿಗೆಯನ್ನೂ ಮೀರಿ ರೋಗ ಬೆಳೆದಿದೆ. ಎರಡರಲ್ಲಿ ಯಾವುದಾದರೂ ನುಂಗಿ ಉಪಯೋಗವಿಲ್ಲ. ಮರುದಿನದಿಂದ ಗುಳಿಗೆ ತೆಗೆದುಕೊಳ್ಳುವುದನ್ನು ಬಿಟ್ಟಳು. ಯಾರಿಗೂ ಹೇಳಲಿಲ್ಲ.

ಹನ್ನೊಂದನೆಯ ದಿನ ಉಡಚಪ್ಪ ತನ್ನ ಗುಳಿಗೆ ತೆಗೆದುಕೊಳ್ಳುವಾಗ ಇಬ್ಬರ ಬಾಟಲಿಗಳೂ ಕೈಗೆ ಬಂದವು. ಒಂದೇ ದಿನ ಕೊಟ್ಟ ಬಾಟಲಿಗಳು. ಅವನದು ಹಗುರ, ಅವಳದು ಭಾರ. ಅಲ್ಲಾಡಿಸಿ ನೋಡಿದ. ಚಾಪೆಯ ಮೇಲೆ ಸುರುವಿ ಎಣಿಸಿದ.

"ಶಾರವ್ವ, ಇವು ಹನ್ನೊಂದ ಯಾಕ ಹೆಚ್ಚ ಅದಾವು?"

ಅವಳು ಒಲೆಯ ಮುಂದಿನ ಬೂದಿಯನ್ನು ಬಳಿಯತೊಡಗಿದಳು.

"ನಿನ್ನ ಕೇಳಾಕತ್ತೇನಿ."

"ಬಿಟ್ಟೇನಿ," ಎಂದಳು ಅವಳು. "ಎರಡ ವರ್ಷ ನುಂಗಿ ಏನಾತು? ನನ್ನ ನೋಡ್ರಿ. ನೀವು ಹೆಂಗ ಒಣಗಿದ್ರಿ, ಹಂಗ ಒಣಗಾಕತ್ತೇನಿ. ಸಾಯೂದಿದ್ರ ಇಷ್ಟ ಉರಿ ಪಟ್ಟು ಯಾಕ ಸಾಯಬೇಕು?"

ಉಡಚಪ್ಪ ಗುಳಿಗೆಗಳನ್ನು ಮತ್ತೆ ಬಾಟಲಿಗೆ ತುಂಬಿದ. ಬಾಗಿಲಲ್ಲಿ ನೀಲಾಂಬಿಕಾ ನಿಂತಿದ್ದಳು. ಹತ್ತನೆಯ ತರಗತಿಯ ಹುಡುಗಿ, ಶಾಲೆಗೆ ಹೊರಟವಳು. ಚೀಲ ಕೆಳಗಿಟ್ಟು ಅವ್ವನ ಹತ್ತಿರ ಬಂದಳು.

"ನೀ ನನ್ನ ಬೈದಿ, ಗಂಗಾಳ ಒಗದಿ, ನಾ ಏನೂ ಅನ್ನಲಿಲ್ಲ," ಎಂದಳು. "ಗುಳಿಗಿ ಬಿಟ್ಟೀ ಅಂತ ನನಗ ನಾಕ ದಿನದ ಹಿಂದನ ಗೊತ್ತಾಗಿತ್ತು. ಅಪ್ಪಗ ಹೇಳಿದ್ರ ನೀವಿಬ್ರೂ ಜಗಳಾ ಮಾಡ್ತೀರಿ ಅಂತ ಸುಮ್ಮನಿದ್ದೆ. ಸಾಲ್ಯಾಗ ಕುಂತ್ರೂ ಮನಸೆಲ್ಲಾ ಮನಿ ಕಡೇನ ಇರತೈತಿ. ಅವ್ವಾ, ನನಗ ಅಂಜಿಕಿ ಆಕೈತಿ."

ಶಾರವ್ವ ಮಗಳ ಮುಖ ನೋಡಿದಳು. ತಾನೊಬ್ಬಳೇ ಒದ್ದಾಡುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ಮಗಳ ತಲೆಯ ಮೇಲೆ ಇಡಲು ಕೈ ಎತ್ತಿದಳು. ಆ ಕೈ ನಡುಗುವುದನ್ನು ಕಂಡು ಸೆರಗಿನೊಳಗೆ ಎಳೆದುಕೊಂಡಳು.

ಉಡಚಪ್ಪ ಹೊರಗೆ ಹೋಗಿ ಹಂಸಭಾವಿಯ ಇಮಾಮಬಿಗೆ ಫೋನ್ ಮಾಡಿದ.

ಇಮಾಮಬಿ ಸೀರೆಗೆ ಫಾಲ್ ಹಚ್ಚಿಕೊಡುವವಳು. ಊರಿನವರಿಗೆ ಗೊತ್ತಿದ್ದದ್ದು ಅಷ್ಟೇ. ಆಕೆ ಹನ್ನೆರಡು ವರ್ಷದಿಂದ ಎಚ್‌ಐವಿ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಅದೇ ಗುಳಿಗೆ ತಿನ್ನುವವರ ಮನೆಗಳಿಗೆ ಹೋಗಿ ವಿಚಾರಿಸುವ ಕೆಲಸವನ್ನೂ ಮಾಡುತ್ತಿದ್ದಳು. ಕೈಯಲ್ಲಿ ಸೀರೆಯ ಚೀಲ ಇರುತ್ತಿದ್ದರಿಂದ ಯಾಕೆ ಬಂದಳು ಎಂದು ಯಾರೂ ಕೇಳುತ್ತಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೇ ಬಂದಳು. ಶಾರವ್ವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ. ಹನ್ನೊಂದು ದಿನ ಗುಳಿಗೆ ಬಿಟ್ಟದ್ದಕ್ಕೆ ಬೈಯಲೂ ಇಲ್ಲ. ಕೊನೆಗೆ ಚೀಲದಿಂದ ಒಂದು ಬಸ್ ಟಿಕೆಟ್ ತೆಗೆದಳು.

"ಕೈ ಮುಂದ ಚಾಚು. ಬೆರಳ ಅಗಲ ಮಾಡು."

ಚಾಚಿದ ಬೆರಳುಗಳ ಮೇಲೆ ಟಿಕೆಟ್ ಇಟ್ಟಳು. ಅದು ಗಾಳಿಗೆ ಸಿಕ್ಕ ಎಲೆಯಂತೆ ಪತಪತ ನಡುಗಿತು. ಮನೆಯಲ್ಲಿ ಗಾಳಿಯಿರಲಿಲ್ಲ. ಇಮಾಮಬಿ ಆಮೇಲೆ ಅವಳ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು.

"ಸುಮ್ನ ಕುಂತಾಗನ ನಿಮಿಷಕ್ಕ ನೂರಾ ಇಪ್ಪತ್ತರ ಮ್ಯಾಲ ಬಡಿಯಾಕತ್ತೈತಿ ನಿನ್ನ ನಾಡಿ. ಶಾರವ್ವ, ನಾ ಡಾಕ್ಟರ್ ಅಲ್ಲ. ಆದ್ರ ಇದು ನೀ ತಿಳದಂಗ ಅಲ್ಲ ಅನಸ್ತೈತಿ ನನಗ. ಥೈರಾಯ್ಡ್ ಅನ್ನೂದು ಕೇಳೀಯೇನು?"

"ಕುತ್ತಿಗಿ ಬಾಯೂದಲ್ಲೇನಕ್ಕ ಅದು?"

"ಕುತ್ತಿಗ್ಯಾಗ ಒಂದ ಗ್ರಂಥಿ ಐತಿ. ಮೈ ಎಷ್ಟ ಜೋರ ಓಡಬೇಕು, ಎಷ್ಟ ನಿಧಾನ ಓಡಬೇಕು ಅಂತ ಅದು ಹೇಳ್ತೈತಿ. ಅದರ ರಸ ಹೆಚ್ಚಾತಂದ್ರ ಎದಿ ಬಡಕೊಳ್ತೈತಿ, ಬೆವರು ಬರತೈತಿ, ಉಂಡದ್ದು ಮೈಗೆ ಹತ್ತೂದಿಲ್ಲ, ಸಿಟ್ಟ ಬರತೈತಿ. ಕಡಿಮಿ ಆತಂದ್ರ ಇದರ ಉಲ್ಟಾ. ಮೈ ಭಾರ, ಚಳಿ, ಯಾವಾಗ ನೋಡಿದ್ರೂ ಜೋಂಪು. ನಮ್ಮಂಥವರಿಗೆ ಇಂಥಾವು ಬರಬಹುದು ಅಂತ ಡಾಕ್ಟರ್ ಹೇಳ್ಯಾರ."

ಶಾರವ್ವ ಎದ್ದು ಕಿಟಕಿಯ ಹತ್ತಿರ ಹೋದಳು, ಮತ್ತೆ ಬಂದಳು. "ಅಕ್ಕ, ನೀ ನನಗ ಸಮಾಧಾನ ಆಗಲಿ ಅಂತ ಹೇಳಾಕತ್ತೀ. ಇದು ಅದ. ಆ ರೋಗನ ಇದು."

"ನಾನೂ ಹಂಗ ತಿಳದಿದ್ದೆ," ಎಂದಳು ಇಮಾಮಬಿ. "ನಾಕ ವರ್ಷದ ಹಿಂದ ನನಗ ಬಾಯಾರಿಕಿ ಹೆಚ್ಚಾತು, ತಾಸಿಗೊಮ್ಮೆ ಮೂತ್ರಕ್ಕ ಹೋಗೂದಾತು. ರೋಗ ಮ್ಯಾಲ ಬಂತು ಅಂತ ಅಳಕೋತ ಕುಂತೆ. ಪರೀಕ್ಷಾ ಮಾಡಿದ್ರ ಸಕ್ಕರಿ ಕಾಯಿಲೆ. ಅದೂ ಇಂಥಾ ಗ್ರಂಥಿ ರಸದ್ದ, ಹಾರ್ಮೋನಿಂದನ. ಔಷಧ ಐತಿ, ತಗೋತೇನಿ, ಇಲ್ಲಿ ನಿನ್ನ ಮುಂದ ಕುಂತೇನಿ. ನಮಗ ಎಚ್‌ಐವಿ ಐತಿ ಅಂತ ಬ್ಯಾರೆ ಯಾವ ಬ್ಯಾನಿನೂ ನಮ್ಮ ಮನಿ ಬಾಗಲಾ ಬಡಿಯಂಗಿಲ್ಲೇನು?"

ಉಡಚಪ್ಪ ಗೋಡೆಗೆ ಒರಗಿ ಕೇಳುತ್ತಿದ್ದ. "ಅಕ್ಕಾರ, ಯಾವಾಗ ಹೋಗೂಣ್ರಿ?" ಎಂದ.

"ನಾಳೆ. ಎಆರ್‌ಟಿ ಕೇಂದ್ರದವರು ಕೊಟ್ಟ ತಾರೀಖ ಇನ್ನೂ ದೂರ ಐತಿ ಅಂತ ಕಾಯಬ್ಯಾಡ್ರಿ. ತ್ರಾಸ ಆದ್ರ ತಾರೀಖ ನೋಡೂದಿಲ್ಲ ಅವರು."

ಮರುದಿನ ಮೂವರೂ ಹೊರಟರು. ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಇಳಿದು ಬೇರೆ ಬಸ್ಸಿಗೆ ಕಾಯಬೇಕಾಗಿತ್ತು. ಜನ, ಹಾರ್ನು, ಕಂಡಕ್ಟರುಗಳ ಕೂಗು. ಶಾರವ್ವನ ಎದೆ ಕಿವಿಯಲ್ಲಿ ಬಡಿಯತೊಡಗಿತು. ಊರಿನ ಪರಿಚಯದವರೊಬ್ಬರು ದೂರದಿಂದ ಕೈ ಎತ್ತಿದರು. ಅಷ್ಟಕ್ಕೇ ಅವಳು ಮುಖ ತಿರುಗಿಸಿ ಮಾಸೂರಿನ ಬಸ್ಸಿನ ಕಡೆ ನಡೆದಳು.

"ನಾ ಮನಿಗಿ ಹೋಗ್ತೇನ್ರಿ. ನನ್ನ ಕಡಿಂದ ಆಗೂದಿಲ್ಲ."

ಉಡಚಪ್ಪ ಕೈ ಹಿಡಿಯಲು ಹೋದ, ಅವಳು ಕೊಸರಿಕೊಂಡಳು. ಇಮಾಮಬಿ ಅವನಿಗೆ ಸುಮ್ಮನಿರಲು ಸನ್ನೆ ಮಾಡಿ ಶಾರವ್ವನ ಪಕ್ಕ ಹೆಜ್ಜೆ ಹಾಕಿದಳು. "ಕುಂದರೂದು ಆಗೂದಿಲ್ಲಲ್ಲ, ನಡಿ, ಅಡ್ಡಾಡೂಣು," ಎಂದಳು. ಇಬ್ಬರೂ ನಿಲ್ದಾಣವನ್ನು ಆ ತುದಿಯಿಂದ ಈ ತುದಿಯವರೆಗೆ ನಾಲ್ಕು ಸುತ್ತು ನಡೆದರು. ಇಮಾಮಬಿ ಫಾಲ್ ಹಚ್ಚುವ ಸೀರೆಗಳ ಬಣ್ಣದ ಬಗ್ಗೆ ಮಾತಾಡಿದಳು. ರೋಗದ ಮಾತು ತೆಗೆಯಲಿಲ್ಲ. ಐದನೆಯ ಸುತ್ತಿಗೆ ಬಸ್ಸು ಬಂತು. ಶಾರವ್ವ ಹತ್ತಿದಳು.

ಎಆರ್‌ಟಿ ಕೇಂದ್ರದಲ್ಲಿ ಡಾಕ್ಟರ್ ಪ್ರಿಯಂವದಾ ಅವಳನ್ನು ಕೂರಿಸಿ ಬಾಗಿಲು ಹಾಕಿದರು. ಕುತ್ತಿಗೆ ಮುಟ್ಟಿ ನೋಡಿದರು, ನೀರು ಕೊಟ್ಟು ನುಂಗಲು ಹೇಳಿದರು, ಕಣ್ಣು ನೋಡಿದರು. ಮೊದಲಿನ ರಕ್ತ ಪರೀಕ್ಷೆಯ ಕಾಗದಗಳನ್ನು ತಿರುವಿದರು.

"ಗುಳಿಗಿ ದಿನಾ ತಗೊಳ್ತೀರೇನು?"

ಶಾರವ್ವ ಗಂಡನ ಕಡೆ ನೋಡಿದಳು. ಸುಳ್ಳು ಬಾಯಿಯ ತುದಿಗೆ ಬಂದಿತ್ತು, ನುಂಗಿಕೊಂಡಳು. "ಹನ್ನೆರಡ ದಿನ ಆತ್ರಿ, ಬಿಟ್ಟು," ಎಂದಳು.

"ಹೇಳಿದ್ದು ಭಾಳ ಛಲೋ ಆತು. ಹೇಳದಿದ್ರ ನಾ ತಪ್ಪು ಲೆಕ್ಕಾ ಹಾಕ್ತಿದ್ದೆ." ಅವರು ಕಾಗದವನ್ನು ಅವಳ ಕಡೆ ತಿರುಗಿಸಿದರು. "ಇಲ್ಲಿ ನೋಡ್ರಿ. ಎರಡು ವರ್ಷದ ಹಿಂದ ನಿಮ್ಮ ಸಿಡಿ-ಫೋರ್ ಎಂಬತ್ತೆಂಟು ಇತ್ತು. ರೋಗ ತಡಿಯೋ ಶಕ್ತಿ ಅಂತ ತಿಳ್ಕೋರಿ. ಎರಡು ತಿಂಗಳ ಹಿಂದಿನ ಕಾಗದದಾಗ ನಾಕನೂರ ಹತ್ತು ಅದ. ರಕ್ತದಾಗ ವೈರಾಣು ಪರೀಕ್ಷಾಕ್ಕ ಸಿಗದಷ್ಟು ಕಡಿಮಿ ಆಗೇದ. ಆಗಲೇ ನೀವು ಸೊರಗಲಿಕ್ಕೆ ಶುರು ಮಾಡಿದ್ರಿ. ಅಂದ್ರ ನೀವು ಸೊರಗಿದ್ದು ಎಚ್‌ಐವಿ ಹೆಚ್ಚಾಗಿ ಅಲ್ಲ. ಗುಳಿಗಿ ತನ್ನ ಕೆಲಸ ಮಾಡೇದ."

"ಹಂಗಾರ ಇದ್ಯಾಕ್ರಿ ಹಿಂಗ?" ಎಂದ ಉಡಚಪ್ಪ.

"ಥೈರಾಯ್ಡ್ ಜಾಸ್ತಿ ಆಗಿರಬೇಕು ಅನಸ್ತದ. ರಕ್ತಾ ತಗೊಂಡು ಖಾತ್ರಿ ಮಾಡ್ಕೊಳ್ಳೋಣ. ಹೋದ ಶಕ್ತಿ ತಿರುಗಿ ಬರೋವಾಗ, ಎಲ್ಲೋ ಕೆಲವರಿಗೆ, ಅದು ದಾರಿ ತಪ್ಪಿ ಮೈಯಾಗಿನ ಗ್ರಂಥಿನ್ನೇ ಕೆಣಕ್ತದ. ಎಚ್‌ಐವಿ ಇಲ್ಲದವರಿಗೂ ಥೈರಾಯ್ಡ್ ಬರ್ತದ, ಇದಕ್ಕ ನಾಚಿಕಿ ಏನಿಲ್ಲ. ಆದ್ರ ಆ ಗುಳಿಗಿ ಬಿಡೋದು ಮಾತ್ರ ಬ್ಯಾಡ. ಬಿಟ್ರ ವೈರಾಣು ಮತ್ತ ಬೆಳೀತದ. ಬಿಟ್ಟು ಬಿಟ್ಟು ತಗೊಂಡ್ರ ಅದು ಗುಳಿಗಿಗೇ ಬಗ್ಗದಂಗ ಆಗಬಹುದು."

ಉಡಚಪ್ಪನಿಗೆ ಇನ್ನೂ ಅನುಮಾನ ಹೋಗಲಿಲ್ಲ. "ಒಂದ ಗುಳಿಗಿ ಮ್ಯಾಲ ಇನ್ನೊಂದ ಗುಳಿಗಿ ಕೊಟ್ರ ತಡಕೊಳ್ತೈತೇನ್ರಿ ಆಕಿ ಮೈ?"

"ಅದನ್ನ ನೋಡೇ ಕೊಡ್ತೇವ್ರಿ. ಆದ್ರ ನೀವು ಒಂದು ಕೆಲಸ ಮಾಡ್ರಿ. ಹೊರಗ ಎಲ್ಲೇ ಔಷಧ ತಗೊಂಡ್ರೂ ನಮಗ ಹೇಳ್ರಿ, ನಾವು ಕೊಡೋ ಗುಳಿಗಿ ಹೆಸರು ಅವರಿಗೂ ತೋರಸ್ರಿ. ಕೆಲವು ಎಚ್‌ಐವಿ ಗುಳಿಗಿ ಜೋಡಿ ಕೆಲವು ಸ್ಟೀರಾಯ್ಡ್ ಔಷಧ ಕೂಡೋದಿಲ್ಲ. ಮಂಡಿನೋವು, ದಮ್ಮು ಅಂತ ಸ್ಟೀರಾಯ್ಡ್ ಸೂಜಿ ಹಾಕಿಸ್ಕೊಂಡು ಹಾರ್ಮೋನ್ ಕೆಡಿಸ್ಕೊಂಡವರು ಇದ್ದಾರ."

ರಕ್ತ ತೆಗೆದರು. ದಮ್ಮು ಇಲ್ಲವೆಂದು ಕೇಳಿ ತಿಳಿದು, ಎದೆಬಡಿತ ಇಳಿಯಲು ಒಂದು ಗುಳಿಗೆ ಕೊಟ್ಟರು. ಎಚ್‌ಐವಿ ಗುಳಿಗೆಯನ್ನು ಶಾರವ್ವ ಅಲ್ಲೇ, ಡಾಕ್ಟರ ಮುಂದೆಯೇ ನುಂಗಿದಳು. ಮೂರನೆಯ ದಿನ ಫಲಿತಾಂಶ ಬಂತು. ಥೈರಾಯ್ಡ್ ರಸ ಇರಬೇಕಾದುದಕ್ಕಿಂತ ಮೂರು ಪಟ್ಟು ಇತ್ತು. ಅದನ್ನು ಕಡಿಮೆ ಮಾಡುವ ಗುಳಿಗೆ ಶುರುವಾಯಿತು.

"ನಾಳೇನೇ ಕಡಿಮಿ ಆಗೋದಿಲ್ಲ, ವಾರಗಟ್ಟಲೆ ಬೇಕು," ಎಂದು ಡಾಕ್ಟರ್ ಎಚ್ಚರಿಸಿದ್ದರು. "ಈ ಗುಳಿಗಿ ತಗೊಳ್ಳೋವಾಗ ಜ್ವರ, ಗಂಟಲುನೋವು ಬಂತು ಅಂದ್ರ ಥೈರಾಯ್ಡ್ ಗುಳಿಗಿ ನಿಲ್ಲಸಿ ಅವತ್ತೇ ಬರ್ರಿ. ಎಚ್‌ಐವಿ ಗುಳಿಗಿ ಮಾತ್ರ ನಿಲ್ಲಸಬ್ಯಾಡ್ರಿ."

ಎದೆಬಡಿತ ನಾಲ್ಕೈದು ದಿನಕ್ಕೇ ತುಸು ಇಳಿಯಿತು. ಮನಸ್ಸು ಮಾತ್ರ ಇಳಿಯಲಿಲ್ಲ. ಎರಡನೆಯ ವಾರ ತೂಕ ಹೆಚ್ಚಿರಲಿಲ್ಲ, ಮೂರನೆಯ ವಾರವೂ ಹೆಚ್ಚಲಿಲ್ಲ. "ಏನೂ ಆಗೂದಿಲ್ಲ ಇದರಿಂದ," ಎಂದು ಶಾರವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನೀಲಾಂಬಿಕಾ ಶಾಲೆಗೆ ಹೋಗುವ ಮುಂಚೆ ಅವ್ವನ ಎದುರು ಕೂತು, ಅವಳು ಗುಳಿಗೆ ನುಂಗಿದ ಮೇಲೆಯೇ ಚೀಲ ಹೆಗಲಿಗೆ ಹಾಕುತ್ತಿದ್ದಳು.

ನಾಲ್ಕನೆಯ ವಾರ ಶಾರವ್ವನಿಗೆ ಜ್ವರ ಬಂತು. ಗಂಟಲು ನುಂಗಲಾಗದಷ್ಟು ನೋಯುತ್ತಿತ್ತು. ಉಡಚಪ್ಪನಿಗೆ ಡಾಕ್ಟರ ಮಾತು ನೆನಪಿತ್ತು. ಗದ್ದೆಯ ಮಧ್ಯದಲ್ಲಿ ಟಿಲ್ಲರ್ ನಿಲ್ಲಿಸಿ ಬಂದವನೇ ಅವಳನ್ನು ಕರೆದುಕೊಂಡು ಹೊರಟ. ದಾರಿಯುದ್ದಕ್ಕೂ ಅವನ ಕಾಲು ಬಸ್ಸಿನ ನೆಲ ಬಡಿಯುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಬಿಳಿ ರಕ್ತಕಣ ಎಣಿಸಿದರು. ಕಣಗಳು ಸರಿಯಾಗಿದ್ದವು. ಊರೆಲ್ಲ ಹಬ್ಬಿದ್ದ ಗಂಟಲುಜ್ವರವೇ ಅದು. ಥೈರಾಯ್ಡ್ ಗುಳಿಗೆ ಮತ್ತೆ ಶುರುವಾಯಿತು.

ಅವತ್ತು ಹೊರಡುವ ಹೊತ್ತಿಗೆ ಉಡಚಪ್ಪ ಹೆಂಡತಿಯನ್ನು ಹೊರಗೆ ಕಳಿಸಿ ಡಾಕ್ಟರ ಮುಂದೆ ಒಬ್ಬನೇ ನಿಂತ.

"ನನ್ನದೂ ಒಂದ ಕೇಳಲೇನ್ರಿ?" ಎಂದ. ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿದ. "ಒಂದ ವರ್ಷ ಆತ್ರಿ, ಮೈಯಾಗ ಶಕ್ತಿನ ಇಲ್ಲ. ಹೆಂಡ್ತಿ ಹತ್ರ ಹೋಗಬೇಕು ಅನ್ನೂ ಮನಸನೂ ಇಲ್ಲ. ಆಕಿ ನನ್ನ ಮ್ಯಾಲ ಬ್ಯಾಸರ ಮಾಡ್ಕೊಂಡಾಳ ಅಂತ ನಾ, ನಾ ಆಕಿ ಮ್ಯಾಲ ಬ್ಯಾಸರ ಮಾಡ್ಕೊಂಡೇನಿ ಅಂತ ಆಕಿ. ಇದನ್ನ ಯಾರ ಮುಂದ ಹೇಳೂದ್ರಿ?"

"ನನ್ನ ಮುಂದ ಹೇಳೋದು," ಎಂದರು ಪ್ರಿಯಂವದಾ. "ಗಂಡಸರಿಗೂ ಹಾರ್ಮೋನ್ ಕಡಿಮಿ ಆಗ್ತದ್ರಿ. ನಾಳೆ ಮುಂಜಾನೆ ಬರ್ರಿ, ಬೆಳಿಗ್ಗೆನೇ ಆ ರಕ್ತಾ ತಗೋಬೇಕು."

ಅವನದು ನಿಜವಾಗಿಯೂ ಕಡಿಮೆ ಇತ್ತು. ಇನ್ನೊಂದು ಸಲ ಪರೀಕ್ಷಿಸಿ ಖಾತ್ರಿ ಮಾಡಿಕೊಂಡ ಮೇಲೆ ಅವನಿಗೂ ಚಿಕಿತ್ಸೆ ಶುರುವಾಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದ. "ನನಗರೆ ಒಂದ ಮಾತ ಹೇಳಬಾರದಿತ್ತೇನ್ರಿ?" ಎಂದಳು ಶಾರವ್ವ. "ನೀ ನನಗ ಹೇಳಿದ್ದೇನು?" ಎಂದ ಅವನು. ಇಬ್ಬರಿಗೂ ನಗು ಬಂತು.

ದೀಪಾವಳಿಯ ಹೊತ್ತಿಗೆ ಶಾರವ್ವ ಐದು ಕಿಲೋ ಹೆಚ್ಚಿದ್ದಳು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ಬುಟ್ಟಿ ತುಂಬಿತು. ತಾನು ಒಮ್ಮೆಯೂ ಎದ್ದಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಪಕ್ಕದಲ್ಲಿ ಓದುತ್ತ ಕೂತಿದ್ದ ನೀಲಾಂಬಿಕಾ ಬಿಸಿರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಪುಸ್ತಕದ ಪುಟ ಮಗುಚಿದಳು. ಈಚೀಚೆಗೆ ಅವಳು ಅವ್ವನ ಮುಖ ನೋಡಿ ನೋಡಿ ಓದುವುದನ್ನು ಬಿಟ್ಟಿದ್ದಳು. ಆರು ತಿಂಗಳ ಪರೀಕ್ಷೆಯಲ್ಲಿ ಶಾರವ್ವನ ರಕ್ತದಲ್ಲಿ ವೈರಾಣು ಮತ್ತೆ ಸಿಗದಷ್ಟು ಕಡಿಮೆಯಿತ್ತು. ಅಷ್ಟಕ್ಕೇ ಮುಗಿಯಿತೆಂದಲ್ಲ. ಥೈರಾಯ್ಡ್ ಪರೀಕ್ಷೆಗೆ ಅವಳು ಈಗಲೂ ಹೋಗುತ್ತಾಳೆ. ಗುಳಿಗೆಯ ಪ್ರಮಾಣವನ್ನು ಡಾಕ್ಟರ್ ಎರಡು ಸಲ ಬದಲಿಸಿದ್ದಾರೆ.

ದುಂಡಸಿಯಲ್ಲಿ ಒಬ್ಬ ಹೆಣ್ಣುಮಗಳು ಗುಳಿಗೆ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ ಎಂದು ಇಮಾಮಬಿ ಹೇಳಿದಾಗ ಶಾರವ್ವ, "ನಾನೂ ಬರ್ತೇನಿ ನಡಿ ಅಕ್ಕ, ಆಕಿ ಜೋಡಿ ನಾ ಮಾತಾಡ್ತೇನಿ," ಎಂದು ಚಪ್ಪಲಿ ಮೆಟ್ಟಿದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮಗೊಂದು ಮಾತು. ನೀವು ಎಚ್‌ಐವಿ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಇಲ್ಲವೇ ನಿಮ್ಮವರು ಯಾರಾದರೂ ತೆಗೆದುಕೊಳ್ಳುತ್ತಿದ್ದರೆ, ಮೈಯಲ್ಲಿ ಆಗುವ ಬದಲಾವಣೆಯನ್ನು ಮುಚ್ಚಿಟ್ಟುಕೊಳ್ಳಬೇಡಿ. ಉಂಡರೂ ಸೊರಗುತ್ತಿದ್ದೀರಾ, ಕೈ ನಡುಗುತ್ತದೆಯೇ, ಎದೆ ಬಡಿದುಕೊಳ್ಳುತ್ತದೆಯೇ? ಅಥವಾ ಮೈ ಊದಿ, ಸದಾ ಸುಸ್ತು, ಚಳಿ ಎನಿಸುತ್ತದೆಯೇ? ಬಾಯಾರಿಕೆ ತೀರುವುದಿಲ್ಲವೇ? ಮುಟ್ಟು ವಯಸ್ಸಿಗೆ ಮುಂಚೆಯೇ ನಿಂತಿತೇ? ಗಂಡಸರಿಗೆ ಶಕ್ತಿ, ಆಸೆ ಕುಗ್ಗಿದೆಯೇ? ಇವುಗಳ ಹಿಂದೆ ಹಾರ್ಮೋನಿನ ತೊಂದರೆ ಇರಬಹುದು. ಇಲ್ಲದೆಯೂ ಇರಬಹುದು. ರಕ್ತ ಪರೀಕ್ಷೆ ಮಾಡದೆ ಯಾರಿಗೂ ತಿಳಿಯುವುದಿಲ್ಲ, ಸಂತೆಯ ಮಾರಾಟಗಾರನಿಗಂತೂ ಅಲ್ಲ. ಹೆಚ್ಚಿನವಕ್ಕೆ ಔಷಧವಿದೆ. ನಿಮ್ಮ ಎಆರ್‌ಟಿ ಕೇಂದ್ರದಲ್ಲಿ ಬಾಯಿ ಬಿಟ್ಟು ಕೇಳಿ. ನಡುವೆ ಗುಳಿಗೆ ತಪ್ಪಿಸಿದ್ದರೆ ಅದನ್ನೂ ಹೇಳಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097 ಸಂಖ್ಯೆಗೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಮನಸ್ಸಿನಲ್ಲಿ ಅನುಮಾನ ಹುಟ್ಟಿದ ದಿನ ಬಿಡಬೇಕಾದದ್ದು ಗುಳಿಗೆಯನ್ನಲ್ಲ. ಬೆಳಗಿನ ಬಸ್ಸಿಗೆ ಮನೆ ಬಿಡಿ, ಡಾಕ್ಟರ ಹತ್ತಿರ ಹೋಗಿ.